ಜಂಪೊಂಗ್‌ನ ರುಚಿ ಹುಟ್ಟೋದು ಬಾಣಲೆಯಲ್ಲಿ, ಕುದಿಯುವ ನೀರಿನಲ್ಲಲ್ಲ

ಪ್ರಶ್ನೆ: ಬೆಂಗಳೂರಿನ ಒಂದು ಕೊರಿಯನ್ ಹೋಟೆಲಿನಲ್ಲಿ ಜಂಪೊಂಗ್ ಅನ್ನುವ ಖಾರದ ಸೀಫುಡ್ ನೂಡಲ್ಸ್ ಸಾರು ತಿಂದ ಮೇಲೆ ಮನೆಯಲ್ಲೇ ಮಾಡೋಣ ಅನ್ನಿಸಿತು. ನೀರು ಕುದಿಸಿ ತರಕಾರಿ, ಬೊಂಡಾಸ (ಸ್ಕ್ವಿಡ್), ಸಿಗಡಿ ಹಾಕಿದೆ. 3 ಚಮಚ ಗೊಚುಜಾಂಗ್, ಜೊತೆಗೆ ಮನೆಯಲ್ಲಿದ್ದ ಖಾರದ ಪುಡಿ. ನೂಡಲ್ಸನ್ನೂ ಅದರಲ್ಲೇ ಬೇಯಿಸಿದೆ. ಬಣ್ಣ ಕೆಂಪಗೆ ಬಂತು, ಆದರೆ ಸಾರು ಸಿಹಿ ಸಿಹಿ, ಮಂದ, ಮೇಲಿಂದ ಖಾರದ ಪುಡಿಯ ಹಸಿ ವಾಸನೆ. ಬೊಂಡಾಸ ರಬ್ಬರಿನ ಹಾಗೆ. ಹೋಟೆಲಿನಲ್ಲಿದ್ದ ಆ ಹೊಗೆ ಪರಿಮಳ ಬರಲೇ ಇಲ್ಲ. ನಮ್ಮನೆಯಲ್ಲಿ ಹಂದಿ ಮಾಂಸ ತಿನ್ನುವುದಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನೀವು ಬಳಸಿದ ಸಾಮಾನು ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ತಪ್ಪಿರೋದು ಕ್ರಮ. ಜಂಪೊಂಗ್ ನೋಡೋಕೆ ಸಾರು, ಮಾಡೋ ರೀತಿಯಲ್ಲಿ ಅದು ಹುರಿದ ಅಡುಗೆ. ಎಲ್ಲವನ್ನೂ ದೊಡ್ಡ ಉರಿಯಲ್ಲಿ ಎಣ್ಣೆಯಲ್ಲಿ ಹುರಿದು, ಕೊನೆಗೆ ಬಿಸಿ ಸಾರು ಸುರಿದು, ಒಂದೆರಡು ಕುದಿ ಬಂದ ಕೂಡಲೇ ಇಳಿಸಬೇಕು. ನೂಡಲ್ಸ್ ಬೇರೆ ಪಾತ್ರೆಯಲ್ಲಿ. ನೀವು ಹೇಳಿದ ಅಷ್ಟೂ ದೂರುಗಳಿಗೆ ಉತ್ತರ ಇಷ್ಟರಲ್ಲೇ ಇದೆ, ಆದರೂ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ಯಾಕೆ ಅಂತ ಗೊತ್ತಾದರೆ ಮುಂದಿನ ಸಲ ಅಳತೆ ನೋಡದೆಯೂ ಮಾಡಬಹುದು.

ಈ ಅಡುಗೆ ಎಲ್ಲಿಂದ ಬಂತು ಅನ್ನೋದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊರಿಯಾದ ಮನೆಗಳಲ್ಲಿ ಮಾಡುವ ಸಾರುಗಳು ಸಾಮಾನ್ಯವಾಗಿ ಪಾತ್ರೆಗೆ ನೀರು ಹಾಕಿ ನಿಧಾನಕ್ಕೆ ಕುದಿಸುವಂಥವು. ಜಂಪೊಂಗ್ ಆ ಸಾಲಿಗೆ ಸೇರಿದ್ದಲ್ಲ. ಅದು ಕೊರಿಯಾದ ಚೀನೀ ಹೋಟೆಲುಗಳ ಅಡುಗೆ. 1883ರಲ್ಲಿ ಇಂಚೆನ್ ಬಂದರು ತೆರೆದ ಮೇಲೆ ಅಲ್ಲಿ ಬಂದು ನೆಲೆಸಿದ ಚೀನೀಯರಲ್ಲಿ ಬಹುಪಾಲು ಜನ ಸಮುದ್ರದಾಚೆಯ ಶಾಂಡೊಂಗ್‌ನವರು. ಹುಳಿ ಬರಿಸಿದ ಸೋಯಾ ಕಾಳಿನ ಕಪ್ಪು ಪೇಸ್ಟಿನಿಂದ ಮಾಡುವ ನೂಡಲ್ಸ್ ಜಾಜಾಂಗ್‌ಮ್ಯೊನ್ ಕೂಡ ಇದೇ ಅಡುಗೆಮನೆಯದು, ಇವತ್ತಿಗೂ ಎರಡೂ ಒಂದೇ ಮೆನುವಿನಲ್ಲಿ ಅಕ್ಕಪಕ್ಕ ಇರುತ್ತವೆ. ಯಾವುದನ್ನು ತಿನ್ನಲಿ ಅಂತ ಒದ್ದಾಡುವವರಿಗಾಗಿ ನಡುವೆ ಗೋಡೆ ಇರುವ ಬಟ್ಟಲಲ್ಲಿ ಅರ್ಧ ಅದು, ಅರ್ಧ ಇದು ಹಾಕಿ ಕೊಡುವ ಪದ್ಧತಿಯೂ ಅಲ್ಲಿದೆ. ಜಪಾನಿನ ನಾಗಸಾಕಿಯಲ್ಲಿ ಚಂಪೊನ್ ಅನ್ನುವ ಇದರ ಹತ್ತಿರದ ನೆಂಟ ಇದೆ, ಅಲ್ಲೂ ಅದನ್ನು ಶುರುಮಾಡಿದ್ದು ಚೀನೀ ಬಾಣಸಿಗರೇ. ಅದು ಬಿಳಿ ಸಾರಿನದು. ಕೊರಿಯಾದಲ್ಲೂ ಮೊದಲು ಇದು ಬಿಳಿಯೇ ಇತ್ತು, ಮೆಣಸಿನ ಪುಡಿ ಹಾಕಿ ಕೆಂಪಗೆ ಮಾಡುವುದು ಕಳೆದ ಶತಮಾನದ ಉತ್ತರಾರ್ಧದಲ್ಲಿ ರೂಢಿಯಾಯಿತು. ಈಗಲೂ ಕೇಳಿದರೆ ಬಿಳಿಯದನ್ನು ಮಾಡಿಕೊಡುತ್ತಾರೆ. ಬಿಳಿ ಇರಲಿ ಕೆಂಪಿರಲಿ, ದೊಡ್ಡ ಬಾಣಲೆಯಲ್ಲಿ ಹುರಿದು ಸಾರು ಸುರಿಯುವುದು ಮಾತ್ರ ಬದಲಾಗಿಲ್ಲ. ಅಂದರೆ ಖಾರ ಆಮೇಲೆ ಬಂದದ್ದು, ಹುರಿಯುವುದು ಮೊದಲಿಂದ ಇದ್ದದ್ದು. ಖಾರದ ಕಡೆಗೆ ಜಾಸ್ತಿ ಗಮನ ಕೊಟ್ಟು ಹುರಿಯುವುದನ್ನು ಬಿಟ್ಟರೆ ನಿಮಗಾದಂತೆಯೇ ಆಗುತ್ತದೆ.

ಮೊದಲು ಗೊಚುಜಾಂಗ್ ವಿಷಯ. ಅದನ್ನು ಇದಕ್ಕೆ ಹಾಕಲೇಬೇಡಿ. ಗೊಚುಜಾಂಗ್ ಅಂದರೆ ಮೆಣಸಿನ ಪುಡಿ, ಅಕ್ಕಿ, ಸೋಯಾ, ಉಪ್ಪು ಸೇರಿಸಿ ಹುಳಿ ಬರಿಸಿದ ಪೇಸ್ಟ್. ಅಂಗಡಿಯ ಡಬ್ಬದಲ್ಲಿ ಬರುವುದಕ್ಕೆ ಸಿಹಿ ಪಾಕವನ್ನೂ ಸೇರಿಸಿರುತ್ತಾರೆ. ಅದರ ಸಿಹಿ, ಅದರ ಗಂಜಿಯಂಥ ಮಂದ, ಎರಡೂ ಸಾರಿಗಿಳಿಯುತ್ತವೆ. ಅಕ್ಕಿ ಕಡುಬಿನ ತೊಕ್ಬೊಕ್ಕಿಗೆ, ತರಕಾರಿ ಕಲಸಿ ತಿನ್ನುವ ಅನ್ನ ಬಿಬಿಂಬಾಪ್‌ಗೆ ಅದು ಬೇಕು. ಜಂಪೊಂಗ್ ಸಾರು ಮಾತ್ರ ನೀರಾಗಿ ಓಡಾಡಬೇಕು, ಮೇಲೆ ಕೆಂಪೆಣ್ಣೆ ತೇಲಬೇಕು, ಬಾಯಿಗಿಟ್ಟರೆ ಸಮುದ್ರದ ರುಚಿ ಮೊದಲು, ಖಾರ ಆಮೇಲೆ. ಆ ಬಣ್ಣ ಬರುವುದು ಗೊಚುಗಾರುವಿನಿಂದ, ಅಂದರೆ ಬೀಜ ತೆಗೆದು ತರಿತರಿಯಾಗಿ ಪುಡಿ ಮಾಡಿದ ಕೊರಿಯಾದ ಮೆಣಸಿನಿಂದ. ಬಣ್ಣ ಜಾಸ್ತಿ, ಖಾರ ಹದ, ಸ್ವಲ್ಪ ಸಿಹಿ. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ.

ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಇದಕ್ಕೆ ತೀರಾ ಹತ್ತಿರದ ಮೆಣಸು ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ. ಕಡು ಕೆಂಪು, ಸುಕ್ಕು ಸುಕ್ಕು, ಖಾರ ಕಮ್ಮಿ. ಅದರಲ್ಲೂ ಡಬ್ಬಿ ಜಾತಿ ಸಿಕ್ಕರೆ ತಗೊಳ್ಳಿ, ಗಿಡ್ಡಗೆ ದಪ್ಪಗೆ ಇರುತ್ತದೆ. ತೊಟ್ಟು ಮುರಿದು, ಬೀಜ ಕೊಡವಿ, ಬೆಚ್ಚಗಿನ ಬಾಣಲೆಯಲ್ಲಿ ಗರಿಗರಿ ಆಗುವಷ್ಟು ಮಾತ್ರ ಬಿಸಿ ಮಾಡಿ, ಆರಿದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ರವೆಗಿಂತ ದಪ್ಪ ತರಿ ಇರಬೇಕು. ಇಬ್ಬರ ಅಳತೆಗೆ ಈ ಪುಡಿ 3 ದೊಡ್ಡ ಚಮಚ, ಖಾರ ಬೇಕೆನ್ನುವವರು ಗುಂಟೂರು ಪುಡಿ ಅರ್ಧ ಟೀ ಚಮಚ ಸೇರಿಸಬಹುದು. ಪ್ಯಾಕೆಟ್ಟಿನ ನುಣ್ಣನೆ ಖಾರದ ಪುಡಿ ಇಲ್ಲಿ ಎರಡು ರೀತಿಯಲ್ಲಿ ಕೈಕೊಡುತ್ತದೆ. ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಕಪ್ಪಾಗಿ ಕಹಿಯಾಗುತ್ತದೆ, ಸಾರಿಗೆ ಬಿದ್ದರೆ ತಳದಲ್ಲಿ ಕೆಸರಿನ ಹಾಗೆ ಕೂರುತ್ತದೆ.

ನೀವು ಹೇಳಿದ ಹಸಿ ವಾಸನೆ ಬಂದದ್ದು ಪುಡಿಯನ್ನು ನೇರ ನೀರಿಗೆ ಹಾಕಿದ್ದರಿಂದ. ಮೆಣಸಿನ ಬಣ್ಣ, ಖಾರ, ಪರಿಮಳ ಮೂರೂ ಎಣ್ಣೆಯಲ್ಲಿ ಕರಗುವಂಥವು, ನೀರಿಗೆ ಅವು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಒಗ್ಗರಣೆ ಹಾಕುವ ಕೈಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ. ಪುಡಿ ಎಣ್ಣೆಯಲ್ಲಿ ಅರ್ಧ ನಿಮಿಷ ಓಡಾಡಿದರೆ ಸಾಕು, ಸಾರು ಸುರಿದ ಕೂಡಲೇ ಬಣ್ಣ ಪೂರ್ತಿ ಹರಡುತ್ತದೆ.

ಇನ್ನು ಸಾರಿನ ಬುಡ. ಬರೀ ನೀರು ಹಾಕಿದರೆ ಮೇಲೆ ಏನೇ ಹಾಕಿದರೂ ತೆಳುವೇ. ಹೋಟೆಲುಗಳಲ್ಲಿ ಕೋಳಿ ಮೂಳೆ, ಹಂದಿ ಮೂಳೆ ಕುದಿಸಿದ ನೀರು ಯಾವಾಗಲೂ ಒಲೆ ಮೇಲಿರುತ್ತದೆ. ನೀವು ಹಂದಿ ತಿನ್ನುವುದಿಲ್ಲ, ಹಾಗಾಗಿ ಕೋಳಿಯ ಕತ್ತು, ಬೆನ್ನಿನ ಮೂಳೆ, ಕಾಲು ತಂದು, ಒಂದು ಕುದಿ ಕುದಿಸಿ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಶುಂಠಿ, ಈರುಳ್ಳಿ ಹಾಕಿ ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಇಡಿ. ಕುಕ್ಕರ್ ಆದರೆ 40 ನಿಮಿಷ. ಅಷ್ಟು ಹೊತ್ತಿಲ್ಲ ಅಂದರೆ ಸಣ್ಣ ಒಣ ಮೀನು (ಆಂಚೊವಿ) ಮತ್ತು ದಾಶಿಮಾ ಅನ್ನುವ ಒಣಗಿಸಿದ ಸಮುದ್ರದ ಪಾಚಿಯ ಹಾಳೆಯಿಂದ ಬೇಗ ಆಗುತ್ತದೆ. 1.2 ಲೀಟರ್ ತಣ್ಣೀರಿಗೆ ಅಂಗೈಯಗಲದ ಪಾಚಿ ಹಾಳೆ ಹಾಕಿ ಅರ್ಧ ಗಂಟೆ ಬಿಟ್ಟು, ಕುದಿ ಬರುವ ಹೊತ್ತಿಗೆ ಹಾಳೆ ತೆಗೆಯಿರಿ, ಇಲ್ಲದಿದ್ದರೆ ಸಾರು ಲೋಳೆ ಲೋಳೆ ಆಗುತ್ತದೆ. ಆಮೇಲೆ ತಲೆ, ಹೊಟ್ಟೆ ಕಿತ್ತು ಬರೀ ಬಾಣಲೆಯಲ್ಲಿ ಹುರಿದ ಒಣ ಮೀನು ಒಂದು ಹಿಡಿ ಹಾಕಿ 12 ನಿಮಿಷ ಕುದಿಸಿ ಸೋಸಿ. ತಲೆ ಮತ್ತು ಹೊಟ್ಟೆ ಕೀಳೋದು ಬೇಸರದ ಕೆಲಸ, ಬಿಟ್ಟರೆ ಮಾತ್ರ ಸಾರು ಕಹಿ.

ಕೊರಿಯಾದ ಒಣ ಮೀನು ನಮ್ಮ ಕರಾವಳಿಯಲ್ಲಿ ಸಿಗುವ ಒಣ ಕೊಲ್ಲತರುವಿನ ಜಾತಿಯದೇ. ಅಲ್ಲಿ ಉಪ್ಪು ನೀರಿನಲ್ಲಿ ಬೇಯಿಸಿ ಒಣಗಿಸುತ್ತಾರೆ, ನಮ್ಮಲ್ಲಿ ಹಸಿಯನ್ನೇ ಬಿಸಿಲಿಗೆ ಹಾಕುವುದು ಹೆಚ್ಚು. ಹಾಗಾಗಿ ನಮ್ಮದಕ್ಕೆ ವಾಸನೆ ಜಾಸ್ತಿ, ಕೆಲವೊಮ್ಮೆ ಮರಳೂ ಇರುತ್ತದೆ. ಚೆನ್ನಾಗಿ ತೊಳೆದು, ಆರಿಸಿ, ಹುರಿದು ಬಳಸಿ, ಪ್ರಮಾಣ ಅರ್ಧಕ್ಕಿಳಿಸಿ. ಪಾಚಿ ಮತ್ತು ಮೀನು ಒಟ್ಟಿಗೆ ಹಾಕುವುದಕ್ಕೆ ಕಾರಣ ಇದೆ. ಪಾಚಿಯಲ್ಲಿ ಗ್ಲುಟಮೇಟ್ ಅನ್ನುವ ರುಚಿ ಕೊಡುವ ಅಂಶ ಇರುತ್ತದೆ, ಒಣ ಮೀನಿನಲ್ಲಿ ಇನೊಸಿನೇಟ್ ಅನ್ನುವ ಅಂಥದೇ ಇನ್ನೊಂದು. ಎರಡೂ ಸೇರಿದಾಗ ಬಾಯಿಗೆ ಸಿಗುವ ರುಚಿ ಬೇರೆ ಬೇರೆ ತಿಂದಾಗಿನದಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಪಾಚಿಯಿಂದ ಗ್ಲುಟಮೇಟನ್ನು ಬೇರ್ಪಡಿಸಿ ತೋರಿಸಿದ್ದು ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ, 1908ರಲ್ಲಿ. ಅಜಿನೊಮೊಟೊ ಹುಟ್ಟಿದ್ದು ಅದರಿಂದಲೇ. ಕೊರಿಯಾದ ಚೀನೀ ಹೋಟೆಲುಗಳು ಅದನ್ನು ಧಾರಾಳವಾಗಿ ಬಳಸುತ್ತವೆ, ಹೋಟೆಲಿನ ರುಚಿ ಮನೆಯಲ್ಲಿ ಬರಲಿಲ್ಲ ಅನ್ನಿಸುವುದಕ್ಕೆ ಅದೂ ಒಂದು ಕಾರಣ. ಪಾಚಿ ಸಿಗದಿದ್ದರೆ ನಾಲ್ಕೈದು ಒಣ ಶಿಟಾಕೆ ಅಣಬೆ ನೆನೆಸಿದ ನೀರು ಸೇರಿಸಿ, ಅಥವಾ ಕಾಲು ಟೀ ಚಮಚ ಅಜಿನೊಮೊಟೊ ಹಾಕಿ. ನನಗೆ ಅದರಲ್ಲಿ ಯಾವ ಸಂಕೋಚವೂ ಇಲ್ಲ.

ಈಗ ಸಮುದ್ರದ್ದು. ಸಾರಿಗೆ ಅತಿ ಹೆಚ್ಚು ರುಚಿ ಕೊಡುವುದು ಸಿಗಡಿ ಅಲ್ಲ, ಬೊಂಡಾಸವೂ ಅಲ್ಲ, ಚಿಪ್ಪಿನವು. ಕೊರಿಯಾದಲ್ಲಿ ಜಂಪೊಂಗ್ ಬಟ್ಟಲಿನ ಮೇಲೆ ಕಪ್ಪು ಚಿಪ್ಪುಗಳ ರಾಶಿ ಇರುತ್ತದೆ, ತಿನ್ನುವವರು ಮೊದಲು ಚಿಪ್ಪು ಬಿಡಿಸಿ ಪಕ್ಕದ ಖಾಲಿ ಬಟ್ಟಲಿಗೆ ಹಾಕಿ ಆಮೇಲೆ ನೂಡಲ್ಸಿಗೆ ಕೈಹಾಕುತ್ತಾರೆ. ಅವು ಮಂಗಳೂರಿನವರು ಪಚ್ಚಿಲೆ (ಮಸಲ್) ಅನ್ನುತ್ತಾರಲ್ಲ, ಅದರ ಬಳಗದವು. ನಮ್ಮ ಹಸಿರು ಪಚ್ಚಿಲೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಇಲ್ಲದಿದ್ದರೆ ಮರ್ವಾಯಿ (ಕ್ಲ್ಯಾಮ್). ನೀವು ಇದನ್ನು ಬಿಟ್ಟೇಬಿಟ್ಟಿದ್ದೀರಿ, ಸಾರು ಸಪ್ಪೆಯಾಗುವುದಕ್ಕೆ ಇದೂ ಒಂದು ಕಾರಣ.

300 ಗ್ರಾಂ ಪಚ್ಚಿಲೆ ತಂದರೆ ಚಿಪ್ಪನ್ನು ಒಂದಕ್ಕೊಂದು ಉಜ್ಜಿ ತೊಳೆಯಿರಿ, ಬದಿಯಲ್ಲಿ ನೇತಾಡುವ ನಾರನ್ನು ಜಗ್ಗಿ ಕಿತ್ತುಬಿಡಿ. ಬಾಯಿ ತೆರೆದಿರುವುದನ್ನು ಬೆರಳಿಂದ ತಟ್ಟಿ. ಮುಚ್ಚಿಕೊಂಡರೆ ಜೀವ ಇದೆ. ಮುಚ್ಚದಿದ್ದರೆ ಬಿಸಾಡಿ, ಇದರಲ್ಲಿ ಮುಲಾಜು ಬೇಡ. ಚಿಪ್ಪು ಒಡೆದಿದ್ದರೂ ಅಷ್ಟೆ. ಒಂದು ಲೋಟ ಸಾರಿನ ಜೊತೆ ಮುಚ್ಚಿದ ಪಾತ್ರೆಯಲ್ಲಿ 3-4 ನಿಮಿಷ ದೊಡ್ಡ ಉರಿಯಲ್ಲಿಟ್ಟರೆ ಬಾಯಿ ಬಿಡುತ್ತವೆ. ಆಗ ಪಾತ್ರೆಯ ತಳದಲ್ಲಿ ಹಾಲು ಬೆರೆಸಿದಂತೆ ಮಸುಕಾದ ನೀರು ನಿಂತಿರುತ್ತದೆ. ಅದೇ ಇಡೀ ಬಟ್ಟಲಿನ ಜೀವಾಳ. ತಳದಲ್ಲಿ ಮರಳು ಕೂರಲು ಬಿಟ್ಟು, ಮೇಲಿನದನ್ನು ತೆಳು ಬಟ್ಟೆಯಲ್ಲಿ ಸೋಸಿ ಉಳಿದ ಸಾರಿಗೆ ಸೇರಿಸಿ. ಅದಕ್ಕೆ ಸ್ವಂತ ಉಪ್ಪಿದೆ, ಹಾಗಾಗಿ ಬೇರೆ ಉಪ್ಪು ಕೊನೆಗೆ.

ಬೊಂಡಾಸಕ್ಕೆ ಎರಡೇ ದಾರಿ. ಒಂದೋ ಒಂದೆರಡು ನಿಮಿಷ, ಇಲ್ಲವೋ ಮುಕ್ಕಾಲು ಗಂಟೆ. ನಡುವೆ ಎಲ್ಲಿ ನಿಲ್ಲಿಸಿದರೂ ರಬ್ಬರ್. ಬಿಸಿ ತಗುಲಿದ ಕೂಡಲೇ ಅದರ ನಾರು ಬಿಗಿದುಕೊಂಡು ನೀರು ಹಿಂಡುತ್ತದೆ, ಮತ್ತೆ ಮೆತ್ತಗಾಗಬೇಕಾದರೆ ತುಂಬಾ ಹೊತ್ತು ಬೇಯಬೇಕು. ಜಂಪೊಂಗ್‌ಗೆ ಮೊದಲ ದಾರಿ. ಚರ್ಮ ತೆಗೆದು, ಒಳಬದಿಗೆ ಅಡ್ಡಡ್ಡ ಚಾಕುವಿನ ಗೀರು ಹಾಕಿ ತುಂಡು ಮಾಡಿ. ಗೀರಿನ ಸಂದುಗಳಲ್ಲಿ ಸಾರು ನಿಲ್ಲುತ್ತದೆ. ಒದ್ದೆ ಇಲ್ಲದ ಹಾಗೆ ಒರೆಸಿ. ಸಿಗಡಿ ಆರೇಳು ಸಾಕು, ಬೆನ್ನಿನ ಕಪ್ಪು ದಾರ ತೆಗೆದು, ತಲೆ ಇದ್ದರೆ ಇರಲಿ ಬಿಡಿ.

ಹೊಗೆ ಪರಿಮಳದ ವಿಷಯಕ್ಕೆ ಬರೋಣ, ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು. ಕೊರಿಯಾದವರು ಅದನ್ನು ಬುಲ್‌ಮಾತ್ ಅನ್ನುತ್ತಾರೆ, ಬೆಂಕಿಯ ರುಚಿ. ತೀರಾ ಕಾದ ಬಾಣಲೆಯಲ್ಲಿ ಎಣ್ಣೆಯ ಸಣ್ಣ ಹನಿಗಳು ಹಾರಿ ಉರಿಗೆ ತಾಗಿ ಹೊತ್ತಿಕೊಳ್ಳುವುದು, ಸೋಯಾ ಸಾಸ್ ಬಾಣಲೆಯ ಅಂಚಿಗೆ ಬಿದ್ದು ಕ್ಷಣದಲ್ಲಿ ಸುಟ್ಟು ಕಂದಾಗುವುದು, ಎಲೆಕೋಸಿನ ಅಂಚು ಕರಕಲಾಗುವುದು, ಇವೆಲ್ಲ ಸೇರಿ ಆ ಪರಿಮಳ. ಮನೆಯ ಗ್ಯಾಸ್ ಒಲೆಗೆ ಹೋಟೆಲಿನ ಒಲೆಯ ಉರಿ ಇಲ್ಲ, ನಿಜ. ಆದರೂ ಮುಕ್ಕಾಲು ಪಾಲು ಬರಿಸಬಹುದು. ಕಬ್ಬಿಣದ ಬಾಣಲೆಯನ್ನು ಖಾಲಿಯಾಗಿಯೇ ಹೊಗೆ ಏಳುವವರೆಗೆ ಕಾಯಿಸಿ, ನಾನ್‌ಸ್ಟಿಕ್ ಪಾತ್ರೆಯಲ್ಲಿ ಮಾತ್ರ ಇದನ್ನು ಮಾಡಬಾರದು. ತರಕಾರಿ ಒಣಗಿರಬೇಕು, ತೊಳೆದು ನೀರು ಇಳಿಯಲು ಬಿಡಿ. ಒಂದು ಸಲಕ್ಕೆ ಸ್ವಲ್ಪವೇ ಹಾಕಿ. ಬಾಣಲೆ ತುಂಬಾ ಹಾಕಿದರೆ ತರಕಾರಿ ನೀರು ಬಿಟ್ಟು ಬೇಯತೊಡಗುತ್ತದೆ, ಹುರಿಯುವುದಿಲ್ಲ. ಆ ನೀರು ಕಂಡರೆ ಪರಿಮಳದ ಆಸೆ ಬಿಡಿ. ಕಿಟಕಿ ತೆರೆದಿಡಿ, ಕೆಮ್ಮು ಬರುತ್ತದೆ.

ಇಬ್ಬರಿಗೆ ಅಳತೆ ಹೀಗಿಟ್ಟುಕೊಳ್ಳಿ: ಕೋಳಿ ತೊಡೆಯ ಮಾಂಸ ಚರ್ಮ ಸಮೇತ 100 ಗ್ರಾಂ, ಸಣ್ಣ ಉದ್ದುದ್ದ ಚೂರು. ಹಂದಿಯ ಬದಲಿಗೆ ಇದು, ಕೊಬ್ಬು ಬೇಕಾಗಿರುವುದರಿಂದ ಎದೆ ಮಾಂಸ ಬೇಡ. ಈರುಳ್ಳಿ ಒಂದು ದೊಡ್ಡದು, ಎಲೆಕೋಸು 150 ಗ್ರಾಂ, ಕ್ಯಾರೆಟ್ ಅರ್ಧ, ಜುಕಿನಿ ಅರ್ಧ, ಈರುಳ್ಳಿ ಸೊಪ್ಪು ನಾಲ್ಕು ಕಡ್ಡಿ. ನೆನೆಸಿದ ಕಪ್ಪು ಕಿವಿ ಅಣಬೆ ಇದ್ದರೆ ಒಂದು ಹಿಡಿ, ಕಡಿಯುವಾಗ ಕರಕರ ಅನ್ನುತ್ತೆ. ಜಜ್ಜಿದ ಬೆಳ್ಳುಳ್ಳಿ ಒಂದು ದೊಡ್ಡ ಚಮಚ, ಶುಂಠಿ ಅರ್ಧ ಟೀ ಚಮಚ, ಎಣ್ಣೆ 4 ದೊಡ್ಡ ಚಮಚ, ಸೋಯಾ ಸಾಸ್ ಒಂದೂವರೆ, ಆಯ್ಸ್ಟರ್ ಸಾಸ್ ಒಂದು. ಸಾರು ಒಂದು ಲೀಟರಿನಷ್ಟು, ಪಕ್ಕದ ಒಲೆಯಲ್ಲಿ ಕುದಿಯುತ್ತಾ ಇರಬೇಕು. ಇದು ಮುಖ್ಯ. ತಣ್ಣನೆ ಸಾರು ಸುರಿದರೆ ಅದು ಮತ್ತೆ ಕುದಿಯುವಷ್ಟರಲ್ಲಿ ತರಕಾರಿ ಮೆತ್ತಗಾಗಿರುತ್ತದೆ.

ಎಲ್ಲ ಹೆಚ್ಚಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡ ಮೇಲೆಯೇ ಒಲೆ ಹಚ್ಚಿ, ಯಾಕೆಂದರೆ ಶುರುವಾದರೆ ಹತ್ತು ನಿಮಿಷದ ಆಟ. ಕಾದ ಬಾಣಲೆಗೆ ಒಂದು ಚಮಚ ಎಣ್ಣೆ, ಬೊಂಡಾಸ ಮತ್ತು ಸಿಗಡಿ, 40 ಸೆಕೆಂಡ್. ಬೊಂಡಾಸ ಸುರುಳಿ ಸುತ್ತಿಕೊಳ್ಳುತ್ತಿದ್ದ ಹಾಗೆ ತೆಗೆದು ಬದಿಗಿಡಿ, ಒಳಗೆ ಬೆಂದಿರದಿದ್ದರೂ ಪರವಾಗಿಲ್ಲ. ಬಾಣಲೆ ಮತ್ತೆ ಕಾಯಲಿ. ಉಳಿದ ಎಣ್ಣೆ, ಈರುಳ್ಳಿ ಸೊಪ್ಪಿನ ಬಿಳಿ ಭಾಗ, ಶುಂಠಿ, ಕೋಳಿ. ಕೋಳಿಯ ಕೊಬ್ಬು ಕರಗಿ ಅಂಚು ಕಂದಾದ ಮೇಲೆ ಬೆಳ್ಳುಳ್ಳಿ. ಹತ್ತು ಎಣಿಸಿ, ಸೋಯಾ ಸಾಸನ್ನು ಮಾಂಸದ ಮೇಲಲ್ಲ, ಬಾಣಲೆಯ ಬರಿ ಅಂಚಿನ ಮೇಲೆ ಸುರಿಯಿರಿ. ಚುಂಯ್ ಅಂತ ಗುಳ್ಳೆ ಎದ್ದು ಸುಟ್ಟ ಸಕ್ಕರೆಯಂಥ ವಾಸನೆ ಬರುತ್ತದೆ. ಆಗ ಈರುಳ್ಳಿ, ಎಲೆಕೋಸು, ಕ್ಯಾರೆಟ್. ದೊಡ್ಡ ಉರಿ, ಸುಮ್ನೆ ಕೈಯಾಡಿಸುತ್ತಾ ಇರಬೇಡಿ, ಹತ್ತು ಸೆಕೆಂಡ್ ಬಿಟ್ಟು ಒಮ್ಮೆ ಮಗುಚಿ. ಎಲೆಕೋಸಿನ ಅಂಚು ಅಲ್ಲಲ್ಲಿ ಕಂದಾಗಬೇಕು, ಒಟ್ಟು ಎರಡು ನಿಮಿಷ. ಜುಕಿನಿ, ಅಣಬೆ ಹಾಕಿ. ಈಗ ಉರಿ ಪೂರ್ತಿ ಇಳಿಸಿ ಗೊಚುಗಾರು ಅಥವಾ ಬ್ಯಾಡಗಿ ತರಿ ಹಾಕಿ ಮಗುಚಿ. ಮೂವತ್ತು ಸೆಕೆಂಡಿನಲ್ಲಿ ಎಣ್ಣೆ ಕೆಂಪಗಾಗುತ್ತದೆ. ಪುಡಿ ಇಟ್ಟಿಗೆ ಬಣ್ಣಕ್ಕೆ ತಿರುಗುವ ಮುನ್ನ ಒಂದು ಸೌಟು ಸಾರು ಹಾಕಿ ತಡೆಯಿರಿ. ಮತ್ತೆ ಉರಿ ಏರಿಸಿ ಉಳಿದ ಸಾರು, ಆಯ್ಸ್ಟರ್ ಸಾಸ್. ಜೋರಾಗಿ ಎರಡು ನಿಮಿಷ ಕುದಿಯಲಿ. ಕೊನೆಗೆ ಬೊಂಡಾಸ, ಸಿಗಡಿ, ಪಚ್ಚಿಲೆ ವಾಪಸ್, ಒಂದೇ ನಿಮಿಷ. ಉಪ್ಪು ನೋಡಿ. ಕಾಳುಮೆಣಸಿನ ಪುಡಿ, ಸೊಪ್ಪಿನ ಹಸಿರು ಭಾಗ ಹಾಕಿ ಇಳಿಸಿ. ಸಾರು ಬಾಯಿಗೆ ಸ್ವಲ್ಪ ಉಪ್ಪು ಮುಂದು ಅನ್ನಿಸಬೇಕು, ನೂಡಲ್ಸ್ ಸೇರಿದ ಮೇಲೆ ಸರಿಹೋಗುತ್ತದೆ.

ನೂಡಲ್ಸನ್ನು ಸಾರಿನಲ್ಲಿ ಬೇಯಿಸಿದರೆ ಅದರ ಹಿಟ್ಟೆಲ್ಲ ಸಾರಿಗಿಳಿದು ಗಂಜಿಯಾಗುತ್ತದೆ, ನಿಮ್ಮ ಸಾರು ಮಂದವಾದದ್ದರಲ್ಲಿ ಅರ್ಧ ಪಾಲು ಇದರದು. ಬೇರೆ ಪಾತ್ರೆಯಲ್ಲಿ ತುಂಬಾ ನೀರಿನಲ್ಲಿ ಬೇಯಿಸಿ, ತಣ್ಣೀರಿನಲ್ಲಿ ಕೈಯಿಂದ ತಿಕ್ಕಿ ತೊಳೆದು, ಬಡಿಸುವ ಮುಂಚೆ ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ ಬಸಿಯಿರಿ. ಬಟ್ಟಲಿಗೆ ಹಾಕಿ ಮೇಲಿಂದ ಸಾರು ಸುರಿಯಿರಿ.

ಯಾವ ನೂಡಲ್ಸ್ ಅಂತ ಕೇಳಿದರೆ, ಕೊರಿಯನ್ ಅಂಗಡಿಯ ಫ್ರೀಜರಿನಲ್ಲಿ ಸಿಗುವ ಚೀನೀ ಬಗೆಯ ದಪ್ಪ ಗೋಧಿ ನೂಡಲ್ಸ್ ಎಲ್ಲಕ್ಕಿಂತ ಒಳ್ಳೆಯದು. ಅದರ ಹಿಟ್ಟಿಗೆ ಕ್ಷಾರ ಸೇರಿಸಿರುತ್ತಾರೆ, ಅದಕ್ಕೇ ಆ ಹಳದಿ ಛಾಯೆ, ಆ ಪುಟಿಯುವ ಗುಣ. ಮನೆಯಲ್ಲೇ ಮಾಡುವ ಮನಸ್ಸಿದ್ದರೆ ಅಡುಗೆ ಸೋಡವನ್ನು ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದು ಗಂಟೆ ಇಡಿ, ಅದು ಹೆಚ್ಚು ತೀಕ್ಷ್ಣ ಕ್ಷಾರವಾಗುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. 300 ಗ್ರಾಂ ಮೈದಾಕ್ಕೆ ಇದು 3 ಗ್ರಾಂ, ಉಪ್ಪು 4 ಗ್ರಾಂ, ನೀರು 140 ಮಿ.ಲೀ. ಹಿಟ್ಟು ಗಟ್ಟಿಯಾಗಿಯೇ ಇರುತ್ತದೆ, ಹೆದರಬೇಡಿ. ಒಂದು ಗಂಟೆ ಮುಚ್ಚಿಟ್ಟು ಲಟ್ಟಿಸಿ 3-4 ಮಿ.ಮೀ. ಅಗಲಕ್ಕೆ ಕತ್ತರಿಸಿ. ಇಷ್ಟೆಲ್ಲ ಆಗಲ್ಲ ಅಂದರೆ ದಪ್ಪ ಸ್ಪಾಗೆಟಿಯನ್ನು, ಲೀಟರಿಗೆ ಎರಡು ಟೀ ಚಮಚ ಅಡುಗೆ ಸೋಡ ಹಾಕಿದ ನೀರಿನಲ್ಲಿ ಬೇಯಿಸಿ. ಸೋಡ ನೀರು ಉಕ್ಕಿ ಬರುತ್ತದೆ, ಪಾತ್ರೆ ದೊಡ್ಡದಿರಲಿ. ಮ್ಯಾಗಿಯಂಥ ಕರಿದ ನೂಡಲ್ಸ್ ಮಾತ್ರ ಬೇಡ, ಅದರ ಎಣ್ಣೆ ವಾಸನೆ ಚಿಪ್ಪಿನ ರುಚಿಯನ್ನು ಮುಚ್ಚಿಹಾಕುತ್ತದೆ.

ನಾಲ್ಕು ಜನಕ್ಕೆ ಮಾಡುವುದಿದ್ದರೆ ಎರಡು ಸಲ ಹುರಿಯಿರಿ, ಒಂದೇ ಸಲ ದುಪ್ಪಟ್ಟು ಹಾಕಬೇಡಿ. ಜೊತೆಗೆ ಹಳದಿ ಮೂಲಂಗಿ ಉಪ್ಪಿನಕಾಯಿ ದನ್‌ಮುಜಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹಸಿ ಈರುಳ್ಳಿ ಹೋಳಿಗೆ ವಿನೆಗರ್ ಚಿಮುಕಿಸಿ. ಬಟ್ಟಲು ಮೇಜಿಗೆ ಬಂದ ಕೂಡಲೇ ತಿನ್ನಬೇಕು, ಮನೆಯವರೆಲ್ಲ ಕೂತ ಮೇಲೆಯೇ ಸಾರು ಸುರಿಯಿರಿ. ಸಾರು ಮಿಕ್ಕರೆ ಅನ್ನಕ್ಕೆ ಹಾಕಿಕೊಳ್ಳಿ, ಕೊರಿಯಾದ ಹೋಟೆಲುಗಳಲ್ಲಿ ನೂಡಲ್ಸ್ ಬದಲು ಅನ್ನ ಕೊಡುವ ಜಂಪೊಂಗ್-ಬಾಪ್ ಮೆನುವಿನಲ್ಲೇ ಇರುತ್ತದೆ. ಮಿಕ್ಕ ಬೊಂಡಾಸ, ಸಿಗಡಿಯನ್ನು ಬೇರೆ ಡಬ್ಬದಲ್ಲಿ ತೆಗೆದಿಟ್ಟು ಫ್ರಿಜ್‌ನಲ್ಲಿಡಿ. ಮಾರನೇ ದಿನ ಸಾರು ಚೆನ್ನಾಗಿ ಕುದಿಸಿ, ಅವನ್ನು ಕೊನೇ ಗಳಿಗೆಯಲ್ಲಿ ಹಾಕಿ, ಒಳಗೂ ಬಿಸಿಯಾದ ಕೂಡಲೇ ಒಲೆ ಆರಿಸಿ.